ಮೀನುತೊಟ್ಟಿಯ ದೀಪಕ್ಕೊಂದು ಕಡಿವಾಣ

ತುಂಗಭದ್ರೆಯ ದಂಡೆಯ ಸಿ. ಬೆಳಗಲ್‌ಗೆ ಮೀನು ಹೊಸತಲ್ಲ. ಮೇಲ್ಗಡೆ ಮಂತ್ರಾಲಯ, ಕೆಳಗಡೆ ಸುಂಕೇಸುಲ ಅಣೆಕಟ್ಟು. ಇವೆರಡರ ನಡುವೆ ಹರಿಯುವ ಹೊಳೆಯ ಮೀನು ಬುಟ್ಟಿಯಲ್ಲಿ ಬಂದು, ಸಾರಾಗಿ ಮುಗಿಯುವುದು ಇಲ್ಲಿನ ನಿತ್ಯದ ಸಂಗತಿ. ಆದರೆ ಎಮ್ಮಿಗನೂರಿನ ಅಥವಾ ಕರ್ನೂಲಿನ ಅಂಗಡಿಯಿಂದ ಪ್ಲಾಸ್ಟಿಕ್ ಚೀಲದ ನೀರಿನೊಳಗೆ ತೇಲುತ್ತ ಬಸ್ಸೇರಿ ಬರುವ ನಾಲ್ಕು ಗಪ್ಪಿ, ಒಂದು ಫೈಟರ್ ಮೀನಿನ ಸಂಗತಿ ಬೇರೆ. ಅವು ಮಕ್ಕಳ ಹಟಕ್ಕೆ ಮನೆ ಸೇರುತ್ತವೆ. ಅವುಗಳೊಡನೆ ಒಂದೂವರೆ ಅಡಿಯ ಗಾಜಿನ ತೊಟ್ಟಿ, ಗುಳುಗುಳು ಎನ್ನುವ ಗಾಳಿಯ ಯಂತ್ರ, ತೊಟ್ಟಿಯ ಅಂಚಿಗೆ ಸಿಕ್ಕಿಸುವ ಅಗ್ಗದ ಎಲ್‌ಇಡಿ ದೀಪ ಇವೂ ಬರುತ್ತವೆ. ಮೊದಲ ಸಂಜೆ ಮನೆಯವರೆಲ್ಲ ಆ ದೀಪದ ಸುತ್ತ ಕುಳಿತು ನೋಡುತ್ತಾರೆ. ಹತ್ತನೆಯ ಸಂಜೆಯ ಹೊತ್ತಿಗೆ, ಮೂಲೆಯಲ್ಲಿ ಮಲಗಿದ ಅಜ್ಜಿ, "ಆ ಲೈಟು ಆರಿಸ್ರಪ್ಪಾ, ಕಣ್ಣಿಗೆ ಚುಚ್ತೈತಿ" ಎನ್ನತೊಡಗುತ್ತಾಳೆ.

ಅಜ್ಜಿಯ ದೂರು ನ್ಯಾಯವಾದುದೇ. ಒಂದೇ ಕೋಣೆಯ, ಹೆಚ್ಚೆಂದರೆ ಎರಡು ಕೋಣೆಯ ಮನೆಯಲ್ಲಿ ಓದು, ಊಟ, ನಿದ್ರೆ ಎಲ್ಲವೂ ಅದೇ ತೊಟ್ಟಿಯ ಎದುರಿನಲ್ಲಿ ನಡೆಯಬೇಕು. ಅಗ್ಗದ ದೀಪಕ್ಕಾದರೋ ಎರಡೇ ಸ್ಥಿತಿ: ಪೂರ್ಣ ಉರಿ, ಇಲ್ಲವೇ ಪೂರ್ಣ ಕತ್ತಲೆ. ಕೆಲವಕ್ಕೆ ಬೆರಳು ಮುಟ್ಟಿದರೆ ಮೂರು ಹಂತದಲ್ಲಿ ತಗ್ಗುವ ಗುಂಡಿ ಇರುತ್ತದೆ. ಆದರೆ ಅದರ ಅತ್ಯಂತ ಮಂದ ಹಂತವೂ ರಾತ್ರಿಯ ಕೋಣೆಗೆ ಹಗಲಿನಂತೆಯೇ ತೋರುತ್ತದೆ. ಕರೆಂಟು ಹೋಗಿ ಬಂದರೆ ಮತ್ತೆ ಪೂರ್ಣ ಉರಿಗೆ ಹಾರುವ ದೀಪಗಳಿವೆ, ಮರಳಿ ಹೊತ್ತಿಕೊಳ್ಳದೆ ಆರಿಯೇ ಉಳಿಯುವ ದೀಪಗಳೂ ಇವೆ. ಬೇಸಗೆಯಲ್ಲಿ ಕರೆಂಟು ಹೋಗಿ ಬರುವುದು ಎಷ್ಟು ಸಲವೆಂದು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ.

ಮೀನಿಗೂ ದೂರಿದೆ, ಹೇಳಲು ಬಾಯಿಲ್ಲ ಅಷ್ಟೆ. ಗಪ್ಪಿಗೂ ಫೈಟರ್‌ಗೂ ಚಿನ್ನದ ಮೀನಿಗೂ ರೆಪ್ಪೆಯಿಲ್ಲ. ಕತ್ತಲಿನಿಂದ ಒಮ್ಮೆಲೇ ಬೆಳಕು ಬಿದ್ದಾಗ ಕಣ್ಣು ಮುಚ್ಚಿಕೊಳ್ಳುವ ಉಪಾಯ ಅವಕ್ಕೆ ಇಲ್ಲ. ಕಣ್ಣಿನೊಳಗಿನ ಪರದೆ ಹೊಸ ಬೆಳಕಿಗೆ ಹೊಂದಿಕೊಳ್ಳಲು ನಿಮಿಷಗಟ್ಟಲೆ ಬೇಕು. ಆದುದರಿಂದಲೇ ಸ್ವಿಚ್ಚು ಒತ್ತಿದಾಕ್ಷಣ ಮೀನುಗಳು ಗಾಜಿಗೆ ಢಿಕ್ಕಿ ಹೊಡೆಯುತ್ತವೆ, ಕಲ್ಲಿನ ಹಿಂದೆ ಅಡಗುತ್ತವೆ. ಮೀನಿನ ತಲೆಯ ಮೇಲ್ಭಾಗದಲ್ಲಿ ಬೆಳಕನ್ನು ನೇರವಾಗಿ ಅರಿಯುವ ಪೀನಿಯಲ್ ಎಂಬ ಅಂಗವೂ ಇದೆ. ಕತ್ತಲಾದೊಡನೆ ಅದು ಮೆಲಟೋನಿನ್ ಎಂಬ ರಸವನ್ನು ಸುರಿಸಿ ದೇಹಕ್ಕೆ ರಾತ್ರಿಯೆಂದು ತಿಳಿಸುತ್ತದೆ. ರಾತ್ರಿ ಹನ್ನೊಂದರವರೆಗೂ ಉರಿಯುವ ದೀಪದಡಿ ಆ ಸುದ್ದಿ ತಡವಾಗಿ ತಲುಪುತ್ತದೆ. ಇನ್ನು ಪಾಚಿ: ದಿನಕ್ಕೆ ಹತ್ತು ಹನ್ನೆರಡು ಗಂಟೆ ಪೂರ್ಣ ಬೆಳಕು ಬಿದ್ದ ಚಿಕ್ಕ ತೊಟ್ಟಿಯ ನೀರು ಕೆಲವೇ ವಾರಗಳಲ್ಲಿ ಹಸಿರಾಗುತ್ತದೆ. ಮನೆಯವರು ಅದನ್ನು ಕಂಡು ನೀರನ್ನೆಲ್ಲ ಚೆಲ್ಲಿ ತೊಟ್ಟಿ ತಿಕ್ಕಿ ತೊಳೆಯುತ್ತಾರೆ. ಹಾಗೆ ಪೂರ್ತಿ ನೀರು ಬದಲಾಯಿಸಿದ ಪೆಟ್ಟಿಗೇ ಎಷ್ಟೋ ಮೀನುಗಳು ಸಾಯುತ್ತವೆ. ಮಕ್ಕಳು ಅಳುತ್ತಾರೆ. ಅಷ್ಟರಮಟ್ಟಿಗೆ, ದೀಪವನ್ನು ತಗ್ಗಿಸುವುದೆಂಬುದು ಬರಿಯ ಅಲಂಕಾರದ ಮಾತಲ್ಲ.

ಮೊದಲಿಗೆ ಖರ್ಚಿಲ್ಲದ ಉಪಾಯಗಳನ್ನು ಹೇಳಿಬಿಡಬೇಕು. ದೀಪವನ್ನು ತೊಟ್ಟಿಯಿಂದ ಒಂದು ಗೇಣು ಮೇಲಕ್ಕೆತ್ತಿದರೆ ನೀರಿಗೆ ಬೀಳುವ ಬೆಳಕು ತಗ್ಗುತ್ತದೆ. ದೀಪಕ್ಕೂ ನೀರಿಗೂ ನಡುವಿನ ಗಾಜಿನ ಮುಚ್ಚಳದ ಮೇಲೆ ಬಿಳಿಯ ಕಾಗದ ಹರಡಿದರೂ ತಗ್ಗುತ್ತದೆ. ಉರಿಸುವ ಅವಧಿಯನ್ನು ಆರರಿಂದ ಎಂಟು ಗಂಟೆಗೆ ಇಳಿಸಿದರೆ ಪಾಚಿಯ ಕಾಟ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಇಷ್ಟರಲ್ಲೇ ತೃಪ್ತಿಯಾಗುವ ಮನೆಗಳಿಗೆ ಮುಂದಿನ ಮಾತುಗಳು ಅಗತ್ಯವಲ್ಲ. ಆದರೆ ಮನೆಯಲ್ಲಿ ಎಂಟನೆಯದೋ ಹತ್ತನೆಯದೋ ಓದುವ, ಹಳೆಯ ರೇಡಿಯೋ ಬಿಚ್ಚಿ ನೋಡುವ ಸ್ವಭಾವದ ಮಗುವಿದ್ದರೆ, ಇದೇ ದೀಪ ಒಂದು ಒಳ್ಳೆಯ ಪಾಠವಾಗಬಲ್ಲದು.

ದೀಪದ ಒಳಗೆ ಏನಿದೆ

ಅಂಗಡಿಯಲ್ಲಿ ಸಿಗುವ ಅಗ್ಗದ ದೀಪಗಳು ಸ್ಥೂಲವಾಗಿ ಮೂರು ಬಗೆಯವು. ಮೊಬೈಲ್ ಚಾರ್ಜರಿಗೆ ಸಿಕ್ಕಿಸುವ 5 ವೋಲ್ಟಿನ ಯುಎಸ್‌ಬಿ ದೀಪ ಒಂದು. ಕಪ್ಪು ಅಡಾಪ್ಟರಿನೊಡನೆ ಬರುವ 12 ವೋಲ್ಟಿನ ದೀಪ ಇನ್ನೊಂದು. ಅಡಾಪ್ಟರೇ ಇಲ್ಲದೆ ವೈರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚುವ 230 ವೋಲ್ಟಿನ ದೀಪ ಮೂರನೆಯದು. ಈ ಮೂರನೆಯದನ್ನು ಇಲ್ಲಿಯೇ ಬದಿಗಿಡಬೇಕು. ಅದರೊಳಗೆ ಹೆಚ್ಚಾಗಿ ಒಂದು ಧಾರಕ, ನಾಲ್ಕು ಡಯೋಡು ಬಿಟ್ಟರೆ ಬೇರೇನೂ ಇರುವುದಿಲ್ಲ. ಎಲ್‌ಇಡಿಯ ಕಾಲಿಗೂ ಬೀದಿಯ ವಿದ್ಯುತ್ ಕಂಬಕ್ಕೂ ನಡುವೆ ತಡೆಗೋಡೆಯೆಂಬುದಿಲ್ಲ. ಅಂಥದ್ದನ್ನು ಬಿಚ್ಚಿ, ಒದ್ದೆ ಕೈಯಲ್ಲಿ, ನೀರು ತುಂಬಿದ ತೊಟ್ಟಿಯ ಬಳಿ ಪ್ರಯೋಗ ಮಾಡುವುದು ಪ್ರಾಣದೊಡನೆ ಆಡುವ ಆಟ. ಫ್ಯಾನಿನ ರೆಗ್ಯುಲೇಟರಿಗೆ ಅದನ್ನು ಜೋಡಿಸಿ ಮಂದ ಮಾಡುವ ಯತ್ನವೂ ಬೇಡ. ರೆಗ್ಯುಲೇಟರು ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕಳಿಸುತ್ತದೆ. ಆ ಕತ್ತರಿಸಿದ ಅಂಚಿಗೆ ಧಾರಕವು ಒಮ್ಮೆಲೇ ಭಾರಿ ಪ್ರವಾಹವನ್ನು ಎಳೆದುಕೊಂಡು ದೀಪವೋ ರೆಗ್ಯುಲೇಟರೋ ಸುಟ್ಟುಹೋಗುವ ಸಂಭವವೇ ಹೆಚ್ಚು. ಅಂಥ ದೀಪವಿದ್ದವರು ಅದನ್ನು ಬಿಟ್ಟು ಅಡಾಪ್ಟರಿನ ದೀಪ ಕೊಳ್ಳುವುದೇ ಲೇಸು.

12 ವೋಲ್ಟಿನ ದೀಪದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಮೂರು ಮೂರು ಎಲ್‌ಇಡಿಗಳ ಗುಂಪುಗಳೂ, ಪ್ರತಿ ಗುಂಪಿಗೊಂದು ಪುಟ್ಟ ಕಪ್ಪು ರೋಧಕವೂ ಕಾಣುತ್ತವೆ. ಇಲ್ಲಿ ಹತ್ತನೆಯ ತರಗತಿಯ ವಿದ್ಯುತ್ ಪಾಠ ನೇರವಾಗಿ ಕೆಲಸಕ್ಕೆ ಬರುತ್ತದೆ. ಬಿಳಿಯ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ವಿಭವಾಂತರ ಬೇಕು. ಮೂರು ಸರಣಿಯಲ್ಲಿದ್ದರೆ 9 ವೋಲ್ಟ್. ಉಳಿದ 3 ವೋಲ್ಟ್ ರೋಧಕದ ಪಾಲು. ರೋಧಕ 150 ಓಮಿನದಾದರೆ, ಓಮನ ನಿಯಮದಂತೆ 3 ಭಾಗಿಸು 150, ಅಂದರೆ 0.02 ಆಂಪಿಯರ್ ಪ್ರವಾಹ. ಪುಸ್ತಕದಲ್ಲಿ ಅಂಕಕ್ಕಾಗಿ ಬಿಡಿಸಿದ ಲೆಕ್ಕ ಇಲ್ಲಿ ತೊಟ್ಟಿಯ ಮೇಲೆ ಉರಿಯುತ್ತಿರುತ್ತದೆ.

ಈಗ ಯಾರಿಗಾದರೂ ಹೊಳೆಯುವ ಮೊದಲ ಉಪಾಯ, ವೋಲ್ಟನ್ನೇ ತಗ್ಗಿಸುವುದು. ಲೆಕ್ಕ ಮಾಡಿ ನೋಡಿದರೆ ಅದರ ತೊಡಕು ತಿಳಿಯುತ್ತದೆ. 12ರ ಬದಲು 10.5 ವೋಲ್ಟ್ ಕೊಟ್ಟರೆ ರೋಧಕಕ್ಕೆ ಉಳಿಯುವುದು 1.5 ವೋಲ್ಟ್, ಪ್ರವಾಹ ಅರ್ಧಕ್ಕಿಳಿಯುತ್ತದೆ. 9ಕ್ಕೆ ಬಂದರೆ ದೀಪ ಹೆಚ್ಚು ಕಡಿಮೆ ಆರಿದಂತೆಯೇ. ಅಂದರೆ 12 ವೋಲ್ಟಿನಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬಾರದು. ಕೊನೆಯ 3 ವೋಲ್ಟಿನೊಳಗೇ ಬೆಳಕಿನ ಎಲ್ಲ ಹಂತಗಳನ್ನೂ ತುರುಕಬೇಕು. ಬಣ್ಣ ಬೆರೆತ ದೀಪದಲ್ಲಂತೂ ಇನ್ನೊಂದು ಪೇಚು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು, ನೀಲಿ ಮತ್ತು ಬಿಳಿಗೆ 3 ಬೇಕು. ಯುಎಸ್‌ಬಿ ದೀಪದ 5 ವೋಲ್ಟನ್ನು 3.2ಕ್ಕೆ ಇಳಿಸಿದಾಗ ಬಿಳಿಯದು ಆರುವ ಅಂಚಿಗೆ ಬಂದಿದ್ದರೆ, ಕೆಂಪಿನದು ಇನ್ನೂ ನೂರಕ್ಕೆ ನಲವತ್ತರಷ್ಟು ಉರಿಯುತ್ತಿರುತ್ತದೆ. ತೊಟ್ಟಿಯ ನೀರು ಕುಂಕುಮ ಕದಡಿದಂತೆ ಕಾಣುತ್ತದೆ. ರೇಡಿಯೋದ ಧ್ವನಿ ತಿರುಗಿಸುವ ಗುಂಡಿಯನ್ನು ವೈರಿನ ನಡುವೆ ನೇರವಾಗಿ ಸೇರಿಸುವವರೂ ಇದ್ದಾರೆ. ಅಂಥ ಚಿಕ್ಕ ಗುಂಡಿ ತಡೆಯಬಲ್ಲ ಶಾಖ ಕಾಲು ವಾಟಿನ ಆಸುಪಾಸು. ಅದರ ಮೂಲಕ ಒಂದು ಆಂಪಿಯರ್ ಹರಿಸಿದರೆ ಮಂದವಾಗುವುದು ದೀಪವಲ್ಲ, ಹೊಗೆಯಾಡುವುದು ಗುಂಡಿ.

ಮಿಣುಕಿಸಿ ಮಂದ ಮಾಡುವುದು

ಸರಿಯಾದ ಹಾದಿ ಬೇರೆಯದು. ದೀಪಕ್ಕೆ ಕೊಡುವ ವೋಲ್ಟನ್ನು ಮುಟ್ಟದೆ, ಪೂರ್ಣ 12 ವೋಲ್ಟನ್ನೇ ಕೊಟ್ಟು, ಸೆಕೆಂಡಿಗೆ ಸಾವಿರಾರು ಬಾರಿ ಹೊತ್ತಿಸಿ ಆರಿಸುವುದು. ಹೊತ್ತಿದ ಹೊತ್ತು ಕಾಲುಭಾಗ, ಆರಿದ ಹೊತ್ತು ಮುಕ್ಕಾಲು ಭಾಗವಾದರೆ ಸರಾಸರಿ ಬೆಳಕು ಕಾಲುಭಾಗ. ಕಣ್ಣು ಅಷ್ಟು ವೇಗದ ಮಿಣುಕನ್ನು ಬಿಡಿಸಿ ನೋಡಲಾರದು. ಅದಕ್ಕೆ ಒಂದೇ ಸಮನಾದ ಮಂದ ಬೆಳಕು ಕಾಣುತ್ತದೆ. ಹೊತ್ತಿದ ಪ್ರತಿ ಕ್ಷಣದಲ್ಲೂ ಕೆಂಪು, ನೀಲಿ, ಬಿಳಿ ಎಲ್ಲಕ್ಕೂ ಅವುಗಳ ಪೂರ್ಣ ಪ್ರವಾಹವೇ ಸಿಗುವುದರಿಂದ ಬಣ್ಣ ಕೆಡುವುದಿಲ್ಲ. ಈ ವಿಧಾನಕ್ಕೆ ಇಂಜಿನಿಯರುಗಳು ಪಿಡಬ್ಲ್ಯುಎಂ ಎನ್ನುತ್ತಾರೆ. ಕನ್ನಡದಲ್ಲಿ ಹೇಳಬೇಕೆಂದರೆ ಇದು ಮಿಡಿತದ ಅಗಲವನ್ನು ಹಿಗ್ಗಿಸುವ, ಕುಗ್ಗಿಸುವ ಕೆಲಸ. ಹಳೆಯ ತಂತುವಿನ ಬಲ್ಬು ಇಷ್ಟು ಚುರುಕಾಗಿ ಆರಿ ಹೊತ್ತಲಾರದು, ಕಾದ ತಂತಿ ತಣಿಯಲು ಹೊತ್ತು ಬೇಕು. ಅರೆವಾಹಕದಿಂದಾದ ಎಲ್‌ಇಡಿಗೆ ಆ ಆಲಸ್ಯವಿಲ್ಲ.

ಎಲ್‌ಇಡಿಯ ಕಥೆಯನ್ನು ಒಂದೆರಡು ಮಾತಿನಲ್ಲಿ ನೆನೆಯಬಹುದು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ತೋರಿಸಿದರು. ನೀಲಿಯದಕ್ಕೆ ಮುಂದೆ ಮೂರು ದಶಕ ಕಾಯಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ನೀಲಿ ಬಂದ ಮೇಲೆಯೇ ಬಿಳಿ ಬಂದದ್ದು: ಮನೆಯ ಬಿಳಿ ಎಲ್‌ಇಡಿಯೆಂದರೆ ನೀಲಿ ತುಣುಕಿನ ಮೇಲೆ ಹಳದಿ ಲೇಪವಲ್ಲದೆ ಬೇರೆಯಲ್ಲ. ಭಾರತದಲ್ಲಿ 2015ರ ಜನವರಿ 5ರಂದು ಆರಂಭವಾದ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬು ಹಳ್ಳಿ ಹಳ್ಳಿಗೂ ಮುಟ್ಟಿತು.

ಮಿಣುಕಿಸುವ ವೇಗದ ವಿಷಯದಲ್ಲಿ ಮಾತ್ರ ಅಲಕ್ಷ್ಯ ಸಲ್ಲದು. ಅಗ್ಗದ ಡಿಮ್ಮರುಗಳಲ್ಲಿ ಕೆಲವು ಸೆಕೆಂಡಿಗೆ ನೂರಿನ್ನೂರು ಬಾರಿಯಷ್ಟೇ ಮಿಣುಕುತ್ತವೆ. ಅದು ಕಣ್ಣಿಗೆ ಕಾಣಿಸದಿದ್ದರೂ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ತರಬಲ್ಲದು. ಅದೇ ಬೆಳಕಿನಲ್ಲಿ ಮಗು ಪುಸ್ತಕ ಹಿಡಿದು ಕೂತಿರುತ್ತದೆಂಬುದನ್ನು ಮರೆಯಬಾರದು. ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಇಇಇ 2015ರಲ್ಲಿ ಹೊರಡಿಸಿದ 1789ನೆಯ ಶಿಫಾರಸಿನ ಲೆಕ್ಕದಂತೆ, ಪೂರ್ಣವಾಗಿ ಆರಿ ಹೊತ್ತುವ ದೀಪವು ಸೆಕೆಂಡಿಗೆ 1,250 ಬಾರಿಗಿಂತ ಹೆಚ್ಚು ಮಿಣುಕಿದರೆ ಅಪಾಯ ಕಡಿಮೆ. 3,000 ದಾಟಿದರೆ ಗಮನಕ್ಕೆ ಬರುವ ಪರಿಣಾಮವೇ ಇರದು.

ಅಂಗಡಿಯ ಡಿಮ್ಮರಿನ ಪೆಟ್ಟಿಗೆಯ ಮೇಲೆ ಈ ಸಂಖ್ಯೆ ಬಹುಮಟ್ಟಿಗೆ ಅಚ್ಚಾಗಿರುವುದಿಲ್ಲ. ಆದರೆ ಪರೀಕ್ಷಿಸಲು ಒಂದು ಪೆನ್ಸಿಲು ಸಾಕು. ಕೋಣೆಯ ಬೇರೆ ದೀಪಗಳನ್ನು ಆರಿಸಿ, ಮಂದ ಮಾಡಿದ ತೊಟ್ಟಿಯ ದೀಪದ ಮುಂದೆ ಪೆನ್ಸಿಲನ್ನು ಬೀಸಣಿಗೆಯಂತೆ ವೇಗವಾಗಿ ಆಡಿಸಬೇಕು. ಬಿಡಿ ಬಿಡಿಯಾಗಿ ಏಳೆಂಟು ಪೆನ್ಸಿಲುಗಳು ಕಂಡರೆ ಮಿಣುಕು ನಿಧಾನದ್ದು. ಒಂದೇ ಸಮನಾದ ಮಸುಕು ಪಟ್ಟಿ ಕಂಡರೆ ವೇಗ ಸಾಕಷ್ಟಿದೆ. ಮೊಬೈಲಿನ ಕ್ಯಾಮೆರಾದಲ್ಲಿ ದೀಪವನ್ನು ನೋಡಿದಾಗ ದಪ್ಪ ಕಪ್ಪು ಪಟ್ಟೆಗಳು ಸರಿದಾಡಿದರೂ ಅದೇ ಅರ್ಥ. ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಈ ಪರೀಕ್ಷೆ ಮಾಡಬಹುದು. ಅಂಗಡಿಯವರು ನಕ್ಕರೆ ನಗಲಿ.

ಕೈಯಿಂದ ಕಟ್ಟುವ ಡಿಮ್ಮರು

ಕೊಳ್ಳುವುದಕ್ಕಿಂತ ಕಟ್ಟುವುದರಲ್ಲಿ ಲಾಭ ಹೆಚ್ಚು, ದುಡ್ಡಿನಲ್ಲಲ್ಲದಿದ್ದರೂ ಕಲಿಕೆಯಲ್ಲಿ. ಇದಕ್ಕೆ ಬೇಕಾದ ಮುಖ್ಯ ಬಿಡಿಭಾಗ 555 ಎಂಬ ಎಂಟು ಕಾಲಿನ ಐಸಿ. ಹಾನ್ಸ್ ಕ್ಯಾಮೆನ್‌ಜಿಂಡ್ ಎಂಬ ಸ್ವಿಸ್ ಮೂಲದ ಇಂಜಿನಿಯರ್ 1971ರಲ್ಲಿ ಇದನ್ನು ರೂಪಿಸಿದರು; ಅರ್ಧ ಶತಮಾನ ಕಳೆದರೂ ಇಂದಿಗೂ ರೇಡಿಯೋ ಟಿವಿ ರಿಪೇರಿಯ ಬಿಡಿಭಾಗದ ಅಂಗಡಿಗಳಲ್ಲಿ ಇದು ಕೆಲವೇ ರೂಪಾಯಿಗೆ ಸಿಗುತ್ತದೆ. ಇದರೊಡನೆ ಒಂದು 100 ಕಿಲೋ ಓಮಿನ ತಿರುಗುಗುಂಡಿ, 1 ಕಿಲೋ ಓಮ್, 10 ಕಿಲೋ ಓಮ್ ಮತ್ತು 100 ಓಮಿನ ಒಂದೊಂದು ರೋಧಕ, 1ಎನ್4148 ಎಂಬ ಎರಡು ಡಯೋಡು, 3.3 ನ್ಯಾನೋಫ್ಯಾರಡ್ ಮತ್ತು 10 ನ್ಯಾನೋಫ್ಯಾರಡಿನ ಒಂದೊಂದು ಧಾರಕ, 100 ಮೈಕ್ರೋಫ್ಯಾರಡಿನ ಇನ್ನೊಂದು, ಐಆರ್‌ಎಫ್‌ಝಡ್44ಎನ್ ಎಂಬ ಮಾಸ್‌ಫೆಟ್ ಒಂದು, ದೀಪಕ್ಕೆ ತಕ್ಕ ಫ್ಯೂಸು ಒಂದು. ಇಷ್ಟೇ.

ಜೋಡಣೆಯ ಕ್ರಮ ಹೀಗೆ. ಐಸಿಯ 8 ಮತ್ತು 4ನೆಯ ಕಾಲು 12 ವೋಲ್ಟಿನ ಧನ ತಂತಿಗೆ, 1ನೆಯದು ಋಣ ತಂತಿಗೆ. ಧನ ತಂತಿಯಿಂದ 1 ಕಿಲೋ ಓಮಿನ ರೋಧಕದ ಮೂಲಕ 7ನೆಯ ಕಾಲಿಗೆ. ಅದೇ 7ನೆಯ ಕಾಲಿಗೆ ತಿರುಗುಗುಂಡಿಯ ನಡುವಿನ ಕಾಲು. ಗುಂಡಿಯ ಎರಡು ತುದಿಗಳಿಂದ ಒಂದೊಂದು ಡಯೋಡು ಹೊರಟು 2 ಮತ್ತು 6ನೆಯ ಕಾಲುಗಳು ಕೂಡುವಲ್ಲಿ ಸೇರಬೇಕು. ಒಂದು ಡಯೋಡಿನ ಪಟ್ಟಿ ಆ ಕೂಡುವ ಸ್ಥಳದ ಕಡೆಗೆ, ಇನ್ನೊಂದರದು ಗುಂಡಿಯ ಕಡೆಗೆ ಇರುವುದು ಮುಖ್ಯ. ಇಲ್ಲಿ ತಪ್ಪಿದರೆ ಏನೂ ನಡೆಯುವುದಿಲ್ಲ. ಆ ಸ್ಥಳದಿಂದ ಋಣಕ್ಕೆ 3.3 ನ್ಯಾನೋಫ್ಯಾರಡಿನ ಧಾರಕ. 5ನೆಯ ಕಾಲಿನಿಂದ ಋಣಕ್ಕೆ 10 ನ್ಯಾನೋಫ್ಯಾರಡಿನದು. 3ನೆಯ ಕಾಲು ಹೊರಬಾಗಿಲು. ಅಲ್ಲಿಂದ 100 ಓಮಿನ ಮೂಲಕ ಮಾಸ್‌ಫೆಟ್‌ನ ಗೇಟಿಗೆ, ಗೇಟಿನಿಂದ ಋಣಕ್ಕೆ 10 ಕಿಲೋ ಓಮ್. ಮಾಸ್‌ಫೆಟ್‌ನ ಸೋರ್ಸ್ ಋಣ ತಂತಿಗೆ, ಡ್ರೇನ್ ದೀಪದ ಋಣ ತಂತಿಗೆ. ದೀಪದ ಧನ ತಂತಿ ಅಡಾಪ್ಟರಿನ ಧನಕ್ಕೆ, ಫ್ಯೂಸಿನ ಮೂಲಕ. 100 ಮೈಕ್ರೋಫ್ಯಾರಡಿನ ಧಾರಕ ಧನ ಋಣಗಳ ನಡುವೆ, ಅದರ ಗುರುತು ನೋಡಿ.

ಧಾರಕವು ಗುಂಡಿಯ ಒಂದು ಬದಿಯ ಮೂಲಕ ತುಂಬಿ, ಇನ್ನೊಂದು ಬದಿಯ ಮೂಲಕ ಬರಿದಾಗುತ್ತದೆ. ತುಂಬುವಷ್ಟು ಹೊತ್ತು ದೀಪ ಹೊತ್ತಿರುತ್ತದೆ, ಬರಿದಾಗುವಷ್ಟು ಹೊತ್ತು ಆರಿರುತ್ತದೆ. ಗುಂಡಿ ತಿರುಗಿಸಿದಾಗ ಒಂದು ಬದಿಯ ರೋಧ ಎಷ್ಟು ಹೆಚ್ಚುವುದೋ ಇನ್ನೊಂದು ಬದಿಯದು ಅಷ್ಟೇ ತಗ್ಗುತ್ತದೆ. ಆದುದರಿಂದ ಒಟ್ಟು ಕಾಲ ಬದಲಾಗದೆ ಹೊತ್ತು ಆರುಗಳ ಪಾಲು ಮಾತ್ರ ಬದಲಾಗುತ್ತದೆ. ಹೊಲಕ್ಕೆ ಸರದಿಯ ಮೇಲೆ ಕಾಲುವೆ ನೀರು ಬಿಡುವ ಕ್ರಮವನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ತೂಬು ಪೂರ್ತಿ ತೆರೆದೇ ಇರುತ್ತದೆ, ತೆರೆದಿಡುವ ಗಂಟೆಗಳು ಮಾತ್ರ ಹೆಚ್ಚು ಕಡಿಮೆ. ಮೇಲಿನ ಬೆಲೆಗಳಿಂದ ಮಿಣುಕಿನ ವೇಗ ಸೆಕೆಂಡಿಗೆ ಸುಮಾರು 4,000 ಬರುತ್ತದೆ. 3.3ರ ಬದಲು 10 ನ್ಯಾನೋಫ್ಯಾರಡ್ ಹಾಕಿದರೆ ಸುಮಾರು 1,300ಕ್ಕೆ ಇಳಿದು, ಮೇಲೆ ಹೇಳಿದ ಅಂಚಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಅಂಗಡಿಯವರು "ಇದೂ ಅದೂ ಒಂದೇ" ಎಂದರೆ ಒಪ್ಪಬಾರದು.

ದೀಪದ ವೈರಿನ ನಡುವೆ ಮೊದಲೇ ಒಂದು ಮುಟ್ಟುಗುಂಡಿಯ ಪೆಟ್ಟಿಗೆ ಇದ್ದರೆ ಅದನ್ನು ಕತ್ತರಿಸಿ ತೆಗೆಯಬೇಕು. ಅದರ ಮಿಣುಕು ಒಂದು ತಾಳ, ಹೊಸದರ ಮಿಣುಕು ಇನ್ನೊಂದು ತಾಳ. ಎರಡೂ ಸೇರಿದರೆ ತೊಟ್ಟಿ ಸಿನಿಮಾ ಟಾಕೀಸಿನ ಹಳೆಯ ರೀಲಿನಂತೆ ನಡುಗುತ್ತದೆ. 5 ವೋಲ್ಟಿನ ಯುಎಸ್‌ಬಿ ದೀಪಕ್ಕೆ ಈ ಮಾಸ್‌ಫೆಟ್ ಸರಿಹೋಗದು. ಅದರ ಗೇಟು ಪೂರ್ತಿ ತೆರೆಯಲು ಹತ್ತು ವೋಲ್ಟಿನಷ್ಟು ಬೇಕು. ಅಲ್ಲಿಗೆ ಐಆರ್‌ಎಲ್‌ಝಡ್44ಎನ್ ಎಂಬುದನ್ನು ಕೇಳಿ ತರಬೇಕು. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಅದನ್ನು ಗಮನಿಸದೆ ಕಟ್ಟಿ ದೀಪ ಹೊತ್ತದೆ ಕೈಚೆಲ್ಲಿದವರು ಬಹಳ. ಅಡಾಪ್ಟರಿಗೆ ಬದಲಾಗಿ ಸ್ಥಿರ ಪ್ರವಾಹದ ಡ್ರೈವರ್ ಇರುವ ದುಬಾರಿ ದೀಪಗಳಿಗೂ ಈ ಜೋಡಣೆ ಒಗ್ಗದು. ಡ್ರೈವರಿನೊಳಗಿನ ಧಾರಕಗಳು ಮಿಣುಕನ್ನೇ ನುಂಗಿ ಗೊಂದಲ ಮಾಡುತ್ತವೆ.

ಕಟ್ಟಿದ ಮೇಲೆ ಕಾಣುವ ಒಂದು ವಿಚಿತ್ರವನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗುಂಡಿಯನ್ನು ಸರಿಯಾಗಿ ನಡುವಿಗೆ ತಂದು ಬೆಳಕನ್ನು ಅರ್ಧ ಮಾಡಿದರೂ ಕಣ್ಣಿಗೆ ಅದು ಅರ್ಧವೆನಿಸುವುದಿಲ್ಲ, ಮುಕ್ಕಾಲಿನಷ್ಟು ತೋರುತ್ತದೆ. ನೂರಕ್ಕೆ ಹದಿನೆಂಟರಷ್ಟು ಬೆಳಕಿಗೆ ಇಳಿದಾಗಲೇ ಕಣ್ಣು ಅದನ್ನು ಅರ್ಧವೆನ್ನುವುದು. ಡಿಮ್ಮರು ಕೆಟ್ಟಿದೆಯೆಂದಲ್ಲ, ಮನುಷ್ಯನ ಕಣ್ಣು ಕತ್ತಲಲ್ಲಿ ಸೂಕ್ಷ್ಮ, ಬೆಳಕಿನಲ್ಲಿ ಉದಾರ. ಆದುದರಿಂದ ರಾತ್ರಿಗೆ ಬೇಕಾದ ಬೆಳದಿಂಗಳಿನಂಥ ಬೆಳಕು ಗುಂಡಿಯ ಕಟ್ಟಕಡೆಯ ತುದಿಯಲ್ಲಿ, ನೂರಕ್ಕೆ ಎರಡು ಮೂರರ ಬಳಿ ಸಿಗುತ್ತದೆ. ಆ ಹಂತದಲ್ಲಿ ಅಜ್ಜಿಯೂ ಮಲಗುತ್ತಾಳೆ, ಮೀನೂ ಮಲಗುತ್ತದೆ. ಕರೆಂಟು ಹೋಗಿ ಬಂದರೂ ಗುಂಡಿ ತಾನಿದ್ದಲ್ಲೇ ಇರುವುದರಿಂದ ದೀಪ ಅದೇ ಮಂದದಲ್ಲಿ ಮರಳುತ್ತದೆ.

ಬೇಸಗೆಯ ಲಾಭವೂ ಉಂಟು. ಈ ಸೀಮೆಯ ಏಪ್ರಿಲ್ ಮೇ ತಿಂಗಳಲ್ಲಿ ತಾಪ 40 ಡಿಗ್ರಿ ದಾಟುತ್ತದೆ. 25 ಡಿಗ್ರಿಯ ಒಂದು ಲೀಟರು ನೀರು ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 35 ಡಿಗ್ರಿಯ ನೀರಿಗೆ 7 ಮಿಲಿಗ್ರಾಮೂ ಕಷ್ಟ. ಮುಚ್ಚಳದಡಿಯ ದೀಪದ ಶಾಖ ಅದಕ್ಕೆ ಕೂಡಿದರೆ ಮೀನು ಬಾಯಿ ತೆರೆದು ಮೇಲಕ್ಕೆ ಬರುತ್ತದೆ. ತಗ್ಗಿಸಿದ ದೀಪ ತಂಪಾಗಿಯೂ ಇರುತ್ತದೆ, ಹೆಚ್ಚು ಕಾಲವೂ ಬಾಳುತ್ತದೆ.

ಎಚ್ಚರಿಕೆಯ ಮಾತುಗಳನ್ನು ಚುಟುಕಾಗಿ ಹೇಳುವುದು ತಪ್ಪಾದೀತು. ಅಡಾಪ್ಟರನ್ನು ಎಂದಿಗೂ ಬಿಚ್ಚಬಾರದು. ಕೆಲಸವೆಲ್ಲ ಅದರಿಂದ ಹೊರಬರುವ 12 ವೋಲ್ಟಿನ ಬದಿಯಲ್ಲೇ ನಡೆಯಬೇಕು. ಬೆಸುಗೆ ಹಾಕುವಾಗ ಹಿರಿಯರೊಬ್ಬರು ಪಕ್ಕದಲ್ಲಿರಬೇಕು, ಪ್ಲಗ್ಗು ಗೋಡೆಯಿಂದ ಹೊರಗಿರಬೇಕು. ಬೆಸುಗೆಯ ತಂತಿಯಲ್ಲಿ ಸೀಸ ಇರುವುದುಂಟು, ಊಟಕ್ಕೆ ಮುನ್ನ ಸೋಪು ಹಾಕಿ ಕೈ ತೊಳೆಯಬೇಕು. ಡಿಮ್ಮರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ತೊಟ್ಟಿಗಿಂತ ಪಕ್ಕಕ್ಕೆ ಇಡಬೇಕು, ಮೇಲಕ್ಕಲ್ಲ. ವೈರು ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಬೇಕು. ವೈರಿನಗುಂಟ ಜಾರಿದ ನೀರು ಆ ಜೋತ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಕತ್ತರಿಸಿದ ತಾಮ್ರದ ಎಳೆಗಳು ನೀರಿಗೆ ಬೀಳದಂತೆ ನೋಡಿಕೊಳ್ಳಬೇಕು. ಬಸವನಹುಳು, ಸಿಗಡಿಗಳಿಗೆ ತಾಮ್ರ ವಿಷ. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದು ಮೀನುತೊಟ್ಟಿ ಇದ್ದವರಿಗೂ ಇಲ್ಲದವರಿಗೂ ಬೇಕಾದದ್ದು. ತೊಟ್ಟಿಯೊಳಗೆ ಕೈಯಿಡುವ ಮುನ್ನ ಎಲ್ಲ ಪ್ಲಗ್ಗುಗಳನ್ನೂ ತೆಗೆಯುವ ರೂಢಿಯನ್ನು ಮಕ್ಕಳಿಗೆ ಮೊದಲ ದಿನವೇ ಹಾಕಬೇಕು.

ಗುಳ್ಳೆ ಎಣಿಸುವ ಪಾಠ

ಕಾಲುವೆಗಳಲ್ಲಿ, ಕೆರೆಯಂಚಿನಲ್ಲಿ ಹೈಡ್ರಿಲ್ಲಾ ಎಂಬ ನೀರುಗಿಡ ಬೆಳೆಯುತ್ತದೆ. ಶಾಲೆಯ ಪುಸ್ತಕದಲ್ಲಿ ಅದರ ಚಿತ್ರ ಎಲ್ಲ ಮಕ್ಕಳೂ ಕಂಡದ್ದೇ: ಗಾಜಿನ ಪಾತ್ರೆ, ಬೋರಲು ಹಾಕಿದ ಆಲಿಕೆ, ಅದರ ಮೇಲೊಂದು ನೀರು ತುಂಬಿದ ಪ್ರನಾಳ, ಗಿಡದಿಂದ ಏಳುವ ಆಮ್ಲಜನಕದ ಗುಳ್ಳೆಗಳು. ನೀರುಗಿಡಗಳು ಬೆಳಕಿನಲ್ಲಿ ಮಾತ್ರ ಹೀಗೆ ಗುಳ್ಳೆ ಬಿಡುತ್ತವೆಂದು 1779ರಲ್ಲಿ ಯಾನ್ ಇಂಗನ್‌ಹೌಸ್ ಬರೆದಿಟ್ಟರು. ಬಹುತೇಕ ಶಾಲೆಗಳಲ್ಲಿ ಈ ಪ್ರಯೋಗ ಚಿತ್ರ ಬರೆಯುವುದರಲ್ಲೇ ಮುಗಿಯುತ್ತದೆ. ಮಾಡಿದರೂ ಪಾತ್ರೆಯನ್ನು ಬಿಸಿಲಿಗಿಟ್ಟು, ಗುಳ್ಳೆ ಬಂತು, ನೆರಳಿಗಿಟ್ಟು, ನಿಂತಿತು, ಎಂಬಲ್ಲಿಗೆ ಸಾಕು.

ಮನೆಯಲ್ಲಿ ಕಟ್ಟಿದ ಡಿಮ್ಮರು ಈ ಪ್ರಯೋಗಕ್ಕೆ ಅಳತೆಯನ್ನು ತರುತ್ತದೆ. ದೀಪದ ದೂರವನ್ನು ಬದಲಿಸದೆ, ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಬೆರೆಸಿ, ಗುಂಡಿಯನ್ನು ಹಂತ ಹಂತವಾಗಿ ಏರಿಸುತ್ತ, ಪ್ರತಿ ಹಂತದಲ್ಲಿ ಐದು ನಿಮಿಷ ಕಾದು, ಒಂದು ನಿಮಿಷದ ಗುಳ್ಳೆಗಳನ್ನು ಮೂರು ಸಲ ಎಣಿಸಿ ಸರಾಸರಿ ಬರೆದುಕೊಳ್ಳಬೇಕು. ಎಷ್ಟು ಬೆಳಕೆಂದು ತಿಳಿಯಲು ಸಾಧಾರಣ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಐಸಿಯ 3ನೆಯ ಕಾಲಿಗೂ ಋಣಕ್ಕೂ ಹಿಡಿದರೆ ಸಾಕು. ಅದು ಮಿಣುಕಿನ ಸರಾಸರಿಯನ್ನೇ ತೋರಿಸುತ್ತದೆ. ಪೂರ್ಣ ಬೆಳಕಿನಲ್ಲಿ 10.5 ತೋರಿಸಿದರೆ, 5.25 ತೋರಿಸುವಲ್ಲಿ ಬೆಳಕು ಅರ್ಧ. ಕಣ್ಣು ಏನೇ ಹೇಳಲಿ, ಗಿಡ ಮೀಟರಿನ ಮಾತನ್ನೇ ಕೇಳುತ್ತದೆ. ದೀಪವನ್ನು ಹತ್ತಿರ ದೂರ ಸರಿಸುವ ಹಳೆಯ ಪದ್ಧತಿಯಲ್ಲಿ ಬೆಳಕಿನ ಲೆಕ್ಕ ತೊಡಕಿನದು, ತಂತುವಿನ ಬಲ್ಬಾದರೆ ನೀರೂ ಬಿಸಿಯಾಗುತ್ತದೆ. ಇಲ್ಲಿ ಅವೆರಡೂ ತೊಂದರೆಗಳಿಲ್ಲ.

ಅಂಕಿಗಳನ್ನು ಗ್ರಾಫಿನ ಹಾಳೆಯ ಮೇಲೆ ಗುರುತಿಸಿದಾಗ, ಬೆಳಕು ಏರಿದಂತೆ ಗುಳ್ಳೆಗಳೂ ಏರಬೇಕು. ದೀಪ ಸಾಕಷ್ಟು ಬಲವಾದದ್ದಾದರೆ ಒಂದು ಮಟ್ಟದ ಆಚೆಗೆ ಗೆರೆ ಮಲಗಿಕೊಳ್ಳುತ್ತದೆ. ಅಲ್ಲಿ ಗಿಡಕ್ಕೆ ಕೊರತೆ ಬೆಳಕಿನದಲ್ಲ, ಇಂಗಾಲದ ಡೈ ಆಕ್ಸೈಡಿನದೋ ತಾಪದ್ದೋ. ಇಂಗ್ಲೆಂಡಿನ ಎಫ್. ಎಫ್. ಬ್ಲ್ಯಾಕ್‌ಮನ್ 1905ರಲ್ಲಿ ಹೇಳಿದ ಮಿತಿಗೊಳಿಸುವ ಅಂಶಗಳ ನಿಯಮ ಇದೇ. ಸೋಡಾ ಹಾಕದ ನೀರಿನಲ್ಲೂ ಒಮ್ಮೆ ಎಣಿಸಿ ಎರಡು ಗೆರೆಗಳನ್ನು ಹೋಲಿಸಿದರೆ ಆ ನಿಯಮ ಕಣ್ಣೆದುರು ನಿಲ್ಲುತ್ತದೆ. ಮೀನಿನ ತೊಟ್ಟಿಗೂ ಅದರಿಂದ ಉತ್ತರ ಸಿಗುತ್ತದೆ: ಗೆರೆ ಮಲಗಿದ ಮಟ್ಟಕ್ಕಿಂತ ಹೆಚ್ಚಿನ ಬೆಳಕು ಗಿಡಕ್ಕೆ ವ್ಯರ್ಥ, ಪಾಚಿಗೆ ಔತಣ.

ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಆದೋನಿ, ಕೌತಾಳಂ, ಹೊಳಗುಂದದ ಕಡೆಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಇಂಥ ಕೆಲಸದ ಬೆಲೆ ಇನ್ನೊಂದು ರೀತಿಯದು. ಅವರು ಪುಸ್ತಕದಲ್ಲಿ ‘ವಿಭವಾಂತರ’, ‘ರೋಧ’, ‘ಧಾರಕ’ ಎಂದು ಓದುತ್ತಾರೆ. ಅಂಗಡಿಗೆ ಹೋದರೆ ತೆಲುಗು ಮಾತು, ಚೀಟಿಯ ಮೇಲೆ ಇಂಗ್ಲಿಷ್ ಹೆಸರು. ಮೂರೂ ಒಂದೇ ವಸ್ತುವೆಂದು ತಿಳಿಯಲು ಆ ವಸ್ತು ಅಂಗೈಯಲ್ಲಿರಬೇಕು. ಇಲ್ಲದಿದ್ದರೆ ಕನ್ನಡದ ಪದ ಪರೀಕ್ಷೆಯ ಹಾಳೆಯಲ್ಲೇ ಉಳಿದು, ಹತ್ತನೆಯ ತರಗತಿ ಮುಗಿದು ಮಾಧ್ಯಮ ಬದಲಾದ ದಿನ ಕಳಚಿ ಬೀಳುತ್ತದೆ. ಮಗುವಿಗೆ ತಾನು ಈವರೆಗೆ ಕಲಿತದ್ದೆಲ್ಲ ಸುಳ್ಳೆಂಬ ಭಾವನೆಯೂ ಬರುತ್ತದೆ. ಅಂಥ ಮಾತನ್ನು ಪಾಲಕರು ಆಗಾಗ ಕೇಳುತ್ತಲೇ ಇರುತ್ತಾರೆ. ವಿಜ್ಞಾನ ಮೇಳದ ಮೇಜಿನ ಮುಂದೆ ನಿಂತು ತೀರ್ಪುಗಾರರು ತೆಲುಗಿನಲ್ಲಿ ಕೇಳಿದ ಪ್ರಶ್ನೆಗೆ, ಗುಂಡಿ ತಿರುಗಿಸಿ, ಗುಳ್ಳೆ ತೋರಿಸಿ, ಪೆನ್ಸಿಲು ಬೀಸಿ ಉತ್ತರಿಸಬಲ್ಲ ಮಗುವಿಗೆ ಭಾಷೆ ಅಡ್ಡಿಯಾಗುವುದು ಕಡಿಮೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿಚಾರಕ್ಕೆ ಮಾದರಿ ತಯಾರಿಸಲು 10,000 ರೂಪಾಯಿ ಕೊಡುತ್ತಾರೆ. ಶಾಲೆಯ ಮೂಲಕವೇ ಹೆಸರು ಹೋಗಬೇಕಾದ್ದರಿಂದ, ಶಾಲೆ ತೆರೆದ ಮೊದಲ ತಿಂಗಳುಗಳಲ್ಲೇ ವಿಜ್ಞಾನದ ಮೇಷ್ಟರನ್ನು ವಿಚಾರಿಸಿಟ್ಟುಕೊಳ್ಳುವುದು ಒಳಿತು.

ಒಂದು ಮಾತು ಉಳಿಯಿತು. ತೊಟ್ಟಿ ಸಾಕಾಗಿ, ಮೀನುಗಳನ್ನು ಏನು ಮಾಡುವುದೆಂದು ತಿಳಿಯದಾದಾಗ ಕೆಲವರು ಅವನ್ನು ಹೊಳೆಗೋ ಕಾಲುವೆಗೋ ಬಿಟ್ಟು ಪುಣ್ಯ ಬಂತೆಂದುಕೊಳ್ಳುತ್ತಾರೆ. ಗಪ್ಪಿ ದಕ್ಷಿಣ ಅಮೆರಿಕದ ಮೀನು. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1908ರಲ್ಲಿ ಅದನ್ನು ಭಾರತಕ್ಕೆ ತಂದರು, ಅದರ ಬಂಧುವಾದ ಗಾಂಬೂಸಿಯಾವನ್ನು 1928ರಲ್ಲಿ. ಇಂದು ಇವೆರಡೂ ದೇಶದ ಎಷ್ಟೋ ನೀರುಗಳಲ್ಲಿ ಊರಿನ ಚಿಕ್ಕ ಮೀನುಗಳ ಮೊಟ್ಟೆ ಮರಿಗಳನ್ನು ತಿಂದು ಬೆಳೆಯುತ್ತಿವೆ. ಬೇಡವಾದ ಮೀನನ್ನು ಶಾಲೆಯ ತೊಟ್ಟಿಗೋ ನೆರೆಮನೆಯ ಮಕ್ಕಳಿಗೋ ಕೊಡಬಹುದು, ಅಂಗಡಿಗೇ ಮರಳಿಸಲೂಬಹುದು. ಕೊಡುವಾಗ ಡಿಮ್ಮರನ್ನೂ ಜೊತೆಗೆ ಕೊಡಬೇಕೆ ಎಂಬುದನ್ನು ಅದನ್ನು ಕಟ್ಟಿದ ಮಗುವೇ ತೀರ್ಮಾನಿಸಲಿ.